ಡ್ಯೂಟಿ ಲಿಸ್ಟಿನಲ್ಲಿಲ್ಲದ ನಾದಿನಿ

ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವರು ನಗು ಹುಡುಕಿಕೊಂಡು ಹೋಗಬೇಕಿಲ್ಲ. ನಾವು ಚಹಾದ ಕಪ್ಪು ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಅದೇ ಬಂದು ಎದುರು ನಿಲ್ಲುತ್ತದೆ.

೧. ಮೂರು ಪಾಳಿ

ಹೊಸದಾಗಿ ಬಂದ ಡಾಕ್ಟರು ಗೋಡೆಗೆ ಮೂರು ಪಾಳಿಯ ಪಟ್ಟಿ ಅಂಟಿಸಿದರು. ಪಾಳಿ ಮುಗಿಯಿತೆಂದರೆ ಮುಂದಿನವರಿಗೆ ವಹಿಸಿ ಮನೆಗೆ ನಡೆಯುವುದು. ಮನಸ್ಸು ಒಳ್ಳೆಯದೇ, ನಿದ್ದೆಗೆಟ್ಟ ನಮ್ಮ ಮುಖ ನೋಡಿ ಮರುಗಿದ್ದರು. ಆದರೆ ನಾನು ಸಿಟ್ಟಿನವಳು.

"ಸರ್, ಪಾಳಿ ನಮಗಾಯಿತು. ಹೊಟ್ಟೆಯಲ್ಲಿರುವ ಕೂಸಿಗೆ ಯಾರು ಹೇಳುತ್ತಾರೆ?"

"ಅದನ್ನೂ ಟ್ರೇನಿಂಗಿಗೆ ಕಳಿಸೋಣ ಸಿಸ್ಟರ್."

೨. ಬಸ್ ಟೈಮು

ಸಾಂಬ್ರಾಣಿ ಊರಿನ ಕಡೆಯ ಸಿದ್ದಿ ಜನಾಂಗದ ಹೆಣ್ಣುಮಗಳೊಬ್ಬಳನ್ನು ಮೂರನೇ ತಿಂಗಳಿನಿಂದ ನಾನೇ ತಪಾಸಣೆ ಮಾಡುತ್ತಿದ್ದೆ. ಬಿಪಿ ಏರುತ್ತಿತ್ತು, ಮನೆಯಲ್ಲಿ ಹೆತ್ತರೆ ಜೀವಕ್ಕೇ ಅಪಾಯ. ಮೊದಲ ಹೆರಿಗೆ ಬೇರೊಂದು ಆಸ್ಪತ್ರೆಯಲ್ಲಿ ಆಗಿತ್ತು.

"ಒಂದ ದಿನದಾಗ ಐದ ಮಂದಿ ಬಂದ್ರು, ಐದೂ ಮಂದಿ ಹೆಸರ ಕೇಳಿದ್ರು, ಒಬ್ರೂ ಕೈ ಹಿಡೀಲಿಲ್ಲ. ಈ ಸಲ ನೀವಿದ್ರ ಬರ್ತೇನಿ, ಇಲ್ಲಂದ್ರ ಮನ್ಯಾಗ ಹಡೀತೇನಿ" ಎಂದುಬಿಟ್ಟಳು. ನನಗೆ ಹೆದರಿಕೆಯಾಯಿತು.

ಅವಳ ಅತ್ತೆ ಹೆದರುವ ಪೈಕಿಯಲ್ಲ. ವಾಚ್‌ಮನ್ ಹತ್ತಿರ ಪಟ್ಟಿಯಲ್ಲಿ ನನ್ನ ಪಾಳಿ ಓದಿಸಿ, "ಎಂಟರಿಂದ ಎರಡು. ಛಲೋ ಟೈಮ್ ಐತಿ, ಅಷ್ಟರಾಗ ಹಡಿ ಅಂತ ಸೊಸಿಗೆ ಹೇಳ್ತೇನಿ" ಎಂದು ಹೊರಟಳು. ಮರುವಾರ ನನ್ನ ಪಾಳಿ ಬದಲಾಯಿತು. ಬಂದವಳೇ ನನ್ನನ್ನು ತರಾಟೆಗೆ ತೆಗೆದುಕೊಂಡಳು: "ಬಸ್ ಟೈಮ್ ಬದಲಾದ್ರ ಕಂಡಕ್ಟರಾದ್ರೂ ಹೇಳ್ತಾನ. ಈಗ ಸೊಸಿಗೆ ಮತ್ತ ಹೇಳಬೇಕಲ್ರಿ!"

೩. ಒಬ್ಬರಿಗೆ ಮಾತ್ರ

ಸೊಸೆಗೆ ನೋವು ಬಂದದ್ದು ನನ್ನ ಬೆಳಗಿನ ಪಾಳಿಯ ದಿನವೇ. ಆದರೆ ಆಸ್ಪತ್ರೆ ಮುಟ್ಟಿದ್ದು ಮಧ್ಯಾಹ್ನ ಒಂದೂವರೆಗೆ. ಎರಡು ಹೊಡೆಯಿತು. ನನ್ನ ಬೆರಳುಗಳು ಅವಳ ಮುಷ್ಟಿಯಲ್ಲಿದ್ದವು.

"ಸಿಸ್ಟರ್, ಡ್ಯೂಟಿ ಮುಗಿಯಿತು. ಸ್ಟಾಫ್ ಆಗಿ ನೀವು ಇನ್ನು ಇಲ್ಲಿರುವಂತಿಲ್ಲ" ಎಂದರು ಡಾಕ್ಟರು.

ಅತ್ತೆ ಗೋಡೆಯ ಬೋರ್ಡು ತೋರಿಸಿದಳು. ಹೆರಿಗೆ ಹೊತ್ತಿನಲ್ಲಿ ಮನೆಯ ಹೆಂಗಸೊಬ್ಬಳು ಜೊತೆಗಿರಬಹುದು ಎಂದು ಅದರಲ್ಲಿತ್ತು. ಅದನ್ನೂ ವಾಚ್‌ಮನ್ನೇ ಓದಿ ಹೇಳಿದ್ದನಂತೆ. "ನನ್ನ ಜಾಗಾ ಇಕಿಗೆ ಕೊಟ್ಟೇನ್ರಿ. ಬರ್ಕೋರಿ, ನಾದಿನಿ."

ಡಾಕ್ಟರು ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು.

"ಏನ ನೋಡ್ತೀರಿ? ಇಷ್ಟ ತಿಂಗಳ ಹೊಟ್ಟಿ ಮುಟ್ಟಿ ನೋಡಿದಾಕಿ ನಾದಿನಿ ಅಲ್ಲಂದ್ರ ಮತ್ತ್ಯಾರ್ರಿ?"

ಡಾಕ್ಟರು ಬರೆದುಕೊಂಡರು. ಪಾಳಿಯ ಸಿಸ್ಟರ್ ಹೆರಿಗೆ ಮಾಡಿಸಿದಳು. ನಾನು ಕೈ ಹಿಡಿದು ಕೂತು "ಮುಕ್ಕು ತಂಗಿ, ಮುಕ್ಕು" ಎಂದು ಕೂಗಿದೆ. ನಾಲ್ಕಕ್ಕೆ ಹೆಣ್ಣು ಕೂಸು, ತಾಯಿ ಗಟ್ಟಿಮುಟ್ಟು. ಗೆದ್ದೆವು! ಖುಷಿಗೆ ನಾನು ಗೊಳೋ ಎಂದು ಅತ್ತುಬಿಟ್ಟೆ.

"ಸಂಬಂಧಿಕರು ಹೊರಗೆ ಹೋಗಿ ಅಳಬೇಕು" ಎಂದು ಪಾಳಿಯ ಸಿಸ್ಟರ್ ಗದರಿದಳು.

೪. ರಜೆ ಅರ್ಜಿ

ಮರುವಾರ ಡಾಕ್ಟರೇ ಆ ಪಟ್ಟಿ ಹರಿದು ಹೊಸದು ಬರೆದರು. ಪ್ರತಿ ಬಸುರಿಗೂ ಗುರುತಿನ ಇಬ್ಬರು ಸಿಸ್ಟರುಗಳು. ಮೊದಲ ತಪಾಸಣೆಯಿಂದ ಬಾಣಂತನದವರೆಗೆ ಅವರೇ. ಒಬ್ಬರು ಕರೆದಾಗ ಬರಬೇಕು, ಇನ್ನೊಬ್ಬರು ಕಡ್ಡಾಯವಾಗಿ ನಿದ್ದೆ ಮಾಡಬೇಕು. ಜೋಯಿಡಾ ಕಡೆಯ ಸಿಸ್ಟರುಗಳು ಬಂದು ಅದರ ಫೋಟೊ ತೆಗೆದುಕೊಂಡು ಹೋದರು. ನಾನು ಎದೆ ಸೆಟೆಸಿಕೊಂಡು ಓಡಾಡಿದೆ.

ಅಷ್ಟರಲ್ಲಿ ಅತ್ತೆ ತೊಟ್ಟಿಲ ಕಾರ್ಯಕ್ಕೆ ಕರೆಯಲು ಬಂದಳು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಾನು. ರಜೆ ಕೇಳಿದೆ.

ಡಾಕ್ಟರು ನಕ್ಕರು. "ಈಗ ಇಬ್ಬಿಬ್ಬರಿದ್ದೀರಲ್ಲ ಸಿಸ್ಟರ್? ನೀವು ಡ್ಯೂಟಿ ಮಾಡಿ, ನಿಮ್ಮ ಜೋಡಿ ಸಿಸ್ಟರ್ ಹೋಗಿ ಹೆಸರು ಹೇಳಲಿ."

ಅತ್ತೆ ಕುರ್ಚಿ ಎಳೆದುಕೊಂಡು ಅವರೆದುರು ಕೂತಳು.

"ಸೋದರತ್ತಿ ಪಾಳಿ ಮ್ಯಾಲ ಬದಲಾಗ್ತಾಳೇನ್ರಿ ಡಾಕ್ಟ್ರ? ಇಬ್ರನ್ನೂ ಕಳಿಸ್ರಿ. ಆವತ್ತಿನ ಪಾಳಿ ನೀವ ಮಾಡ್ರಿ!"