ಡಾಕ್ಟರ ಲೈಸೆನ್ಸಿನ ಫಜೀತಿ

ಬೆಳಗಾವಿಯ ಟಿಳಕವಾಡಿಯಲ್ಲಿರುವ ಒಂದು ಆಸ್ಪತ್ರೆಯಲ್ಲಿ ನನ್ನ ಕೆಲಸ ಇಷ್ಟೇ: ನಮ್ಮ ಡಾಕ್ಟರುಗಳ ಲೈಸೆನ್ಸು ಮುಗಿಯದಂತೆ ಕಾಯುವುದು. ಅದು ಮುಗಿಯಿತೆಂದರೆ ವಿಮಾ ಯೋಜನೆಯಿಂದ ಅವರ ಹೆಸರು ಹೋಯಿತು, ರೋಗಿಗೆ ಪುಕ್ಕಟೆ ಆಪರೇಶನ್ನೂ ಹೋಯಿತು. ಇಂಥ ಗಂಭೀರ ಕೆಲಸದಲ್ಲಿ ನಗು ಎಲ್ಲಿಂದ ಬರುತ್ತದೋ, ಬಂದೇ ಬರುತ್ತದೆ.

ನಿದ್ದೆಯ ಪಾಠ

ಲೈಸೆನ್ಸು ನವೀಕರಿಸಬೇಕಾದರೆ ಡಾಕ್ಟರುಗಳು ಆಗಾಗ ಉಪನ್ಯಾಸಕ್ಕೆ ಹಾಜರಾಗಬೇಕು. ನಮ್ಮ ಹಿರಿಯ ಸರ್ಜನ್ನರು ಎಷ್ಟು ಹೇಳಿದರೂ ಹೋಗುತ್ತಿರಲಿಲ್ಲ. ಕಡೆಗೊಂದು ರವಿವಾರ ಸದಾಶಿವನಗರದ ಅವರ ಮನೆಗೇ ಹೋಗಿ ಕರೆತಂದೆ. ಅಂದಿನ ವಿಷಯ ನಿದ್ರಾಹೀನತೆ. ಭಾಷಣ ಶುರುವಾಗುತ್ತಲೇ ಸಾಹೇಬರ ಗೊರಕೆಯೂ ಶುರುವಾಯಿತು. ಸಂಘಟಕರು ಬಂದು ಎಬ್ಬಿಸಿ, "ಸರ್, ಹಿಂಗ ಮಲಗಿದ್ರ ಹಾಜರಿ ಹ್ಯಾಂಗ ಹಾಕೂಣ್ರಿ?" ಎಂದರು.

ಸಾಹೇಬರು ಕಣ್ಣೊರೆಸಿಕೊಂಡು, "ಯಾಕ್ರಿ? ಇಷ್ಟ ಮಂದ್ಯಾಗ ಗುಣಾ ಆದಾಂವ ನಾ ಒಬ್ಬನ ಅಲ್ಲೇನ್ರಿ!"

ಕಣ್ಣು ಮಿಟುಕಿಸಿ

ಖಾನಾಪುರದ ನಮ್ಮ ಶಾಖೆಯಲ್ಲಿ ಕಣ್ಣಿನ ಡಾಕ್ಟರು ಒಬ್ಬರೇ. ನವೀಕರಣಕ್ಕಾಗಿ ಅವರು ಫೋನಿಗೆ ಮುಖ ತೋರಿಸಬೇಕಿತ್ತು. ಪರದೆಯ ಮೇಲೆ "ಕಣ್ಣು ಮಿಟುಕಿಸಿ" ಎಂದು ಬಂತು. ಡಾಕ್ಟರು ಕಣ್ಣರಳಿಸಿಕೊಂಡು ಗೊಂಬೆಯ ಹಾಗೆ ಕುಳಿತರು.

"ಸರ್, ಮಿಟುಕಿಸ್ರಿ," ಎಂದೆ.

"ಆಗವಲ್ದೋ ಮಾರಾಯಾ! ದಿನಾ ಮಂದಿಗೆ 'ಮಿಟುಕಿಸಬ್ಯಾಡ್ರಿ' ಅಂದೂ ಅಂದೂ ನನಗ ಮರತ ಹೋಗೇತಿ."

ಕಡೆಗೆ ಅವರ ಹೆಂಡತಿ ಬಂದು ಮುಖಕ್ಕೆ ಉಫ್ ಎಂದು ಊದಿದರು. ಕಣ್ಣು ಮಿಟುಕಿತು. ಆದರೆ ಫೋನು, ಹಳೆಯ ಫೋಟೋಕ್ಕೂ ಈ ಮುಖಕ್ಕೂ ತಾಳೆಯಾಗುತ್ತಿಲ್ಲ ಎಂದಿತು.

ಹೆಂಡತಿ ನನ್ನ ಕಡೆ ತಿರುಗಿ, "ಮದುವ್ಯಾಗ ನೋಡಿದ ಮುಖ ಇದಲ್ಲಂತ ನನಗೂ ಭಾಳ ದಿನದಿಂದ ಸಂಶಯ ಅದರಿ!"

ಖರೇ ಡಾಕ್ಟರು

ಮುಖ ತಾಳೆಯಾಗದ್ದಕ್ಕೆ ವಿಮಾ ಯೋಜನೆಯ ಅಧಿಕಾರಿಯೊಬ್ಬರು ಖುದ್ದಾಗಿ ತಪಾಸಣೆಗೆ ಬಂದರು. ಅಲ್ಲಿಯವರೆಗೆ ಆಪರೇಶನ್ ಬಂದ್. ಕಣ್ಣಿಗೆ ಪೊರೆ ಬಂದಿದ್ದ ಅಜ್ಜಿಯೊಬ್ಬರು ಬಂದು ಬಂದು ವಾಪಸು ಹೋಗುತ್ತಿದ್ದರು. ಅಂದೂ ಬಂದು ಕುಳಿತಿದ್ದರು. ಈ ಸಲವೂ ಕಳಿಸಬೇಕಾದರೆ ಹೇಗೆಂದು ನನಗೆ ಚಿಂತೆ.

ಅಧಿಕಾರಿ ಅವರನ್ನೇ ಕೇಳಿದರು: "ಅಜ್ಜಿ, ನಿಮ್ಮನ್ನ ನೋಡ್ತಿರೋ ಡಾಕ್ಟರು ಇವರೇನಾ? ಸರಿಯಾಗಿ ನೋಡಿ ಹೇಳಿ."

"ಹ್ಯಾಂಗ ನೋಡ್ಲೋ ಯಪ್ಪಾ? ಕಣ್ಣ ಕಾಣವಲ್ದು ಅಂತನ ಇಲ್ಲಿಗೆ ಬಂದೇನಿ. ಮೊದಲ ಆಪರೇಶನ್ ಮಾಡಾಕ ಬಿಡು. ಕಂಡ್ರ ಇವ್ರು ಖರೇ ಡಾಕ್ಟರು, ಕಾಣಲಿಲ್ಲಂದ್ರ ನಿನ್ನ ಸಂಶಯ ಖರೇ!"

ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಡಾಕ್ಟರ ಮೂಲ ಪ್ರಮಾಣಪತ್ರಗಳನ್ನೆಲ್ಲ ನೋಡಿ, ಅಲ್ಲೇ ಒಪ್ಪಿಗೆ ಕೊಟ್ಟರು.

ಆಪರೇಶನ್ ಆಯಿತು. ಪಟ್ಟಿ ಬಿಚ್ಚಿದಾಗ ಅಜ್ಜಿ ಡಾಕ್ಟರನ್ನು ಮೇಲಿಂದ ಕೆಳಗಿನತನಕ ದಿಟ್ಟಿಸಿ ನೋಡಿ, ನನ್ನನ್ನು ಕರೆದರು:

"ಆ ಸಾಹೇಬಗ ಫೋನ್ ಹಚ್ಚೋ ತಮ್ಮಾ. ಡಾಕ್ಟರು ಪಾಸಾಗ್ಯಾರ ಅಂತ ಹೇಳು!"