ನೊಣದ ಕಣ್ಣು ಕೆಂಪಾದದ್ದು

ಸಿಟ್ಟು ಬಂದರೆ ಯಾರನ್ನು ಬಯ್ಯಬೇಕೆಂದು ನಾನು ಹೆಚ್ಚು ಯೋಚಿಸುವವನಲ್ಲ. ಹತ್ತಿರ ಯಾರಾದರೂ ಸಿಕ್ಕರೆ ಸಾಕು. ಮದುವೆಯಾದ ಮೇಲೆ ಹುಡುಕುವ ಶ್ರಮವೂ ತಪ್ಪಿತು.

ಆಗ ನಾನು ಮುಂಬಯಿಯ ಒಂದು ಪ್ರಯೋಗಶಾಲೆಯಲ್ಲಿ ನೊಣ ಸಾಕುತ್ತಿದ್ದೆ. ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣ. "ಮೈಸೂರಿಂದ ಅಷ್ಟು ದೂರ ಹೋಗಿ ನೊಣ ಸಾಕೋದಾ? ನಮ್ಮನೇಲೇ ಇದ್ವಲ್ಲಪ್ಪ!" ಎಂದಿದ್ದರು ಮಾವನವರು. ಆದರೆ ನಮ್ಮವು ಬಿಳಿ ಕಣ್ಣಿನವು. ಕಣ್ಣಿಗೆ ಕೆಂಪು ಬಣ್ಣ ಕೊಡುವ ಜೀನ್ ಒಂದನ್ನು ಅವುಗಳೊಳಗೆ ಸೇರಿಸಿ, ಅದಕ್ಕೆ ಬಿಸಿಯ ಸ್ವಿಚ್ ಜೋಡಿಸಿದ್ದರು. ರೆಕ್ಕೆ ಬರುವ ಮೊದಲು, ಪೊರೆಯೊಳಗೆ ಮಲಗಿರುವಾಗ ಮೂವತ್ತೇಳು ಡಿಗ್ರಿ ಬಿಸಿ ತಾಗಿಸಿದರೆ ಜೀನ್ ಎಚ್ಚರಗೊಂಡು ಕಣ್ಣು ಕೆಂಪಾಗುತ್ತದೆ. ತಂಪಾಗಿಟ್ಟರೆ ಬಿಳಿಯಾಗಿಯೇ ಇರುತ್ತದೆ. ಸೋಮವಾರ ದೆಹಲಿಯಿಂದ ಬರುವ ದೊಡ್ಡವರಿಗೆ ಎರಡು ಬಗೆಯನ್ನೂ ಎರಡು ಬಾಟಲಿಗಳಲ್ಲಿ ತೋರಿಸಬೇಕು. ನನ್ನ ಕೆಲಸ ಕಾಯಂ ಆಗುವುದೂ ಅದರ ಮೇಲೇ ನಿಂತಿತ್ತು.

ಶುಕ್ರವಾರ ಸಂಜೆ ಪ್ರಯೋಗಶಾಲೆಯ ಎ.ಸಿ. ಕೆಟ್ಟಿತು. ಮೇ ತಿಂಗಳು. ಭಾಂಡುಪ್‌ನ ನಮ್ಮ ಮನೆಯ ನೀರಿನ ಮಡಕೆಯ ಪಕ್ಕ ಒಳ್ಳೇ ತಂಪು ಎಂದು ಪ್ರಯೋಗಶಾಲೆಯ ಮುಖ್ಯಸ್ಥೆ ಮೇಡಂಗೆ ಹೇಳಿ, ತಂಪಾಗಿಡಬೇಕಾದ ಬಾಟಲಿಯನ್ನು ಹಿಡಿದು ಹೊರಟೆ. ದಾದರ್‌ನಲ್ಲಿ ಲೋಕಲ್ ರೈಲಿಗೆ ಜನ ನುಗ್ಗಿದಾಗ, ಒಡೆಯದಿರಲಿ ಎಂದು ಅದನ್ನು ಅಂಗಿಯೊಳಗೆ ಸೇರಿಸಿ ಎರಡೂ ಕೈಯಿಂದ ಎದೆಗವಚಿಕೊಂಡೆ. ಕುರ್ಲಾದಲ್ಲಿ ಗಾಡಿ ಒಂದು ಗಂಟೆ ನಿಂತಿತು. ಪಕ್ಕದ ಮರಾಠಿ ಅಜ್ಜ "ದೇವಾಚಾ ಪ್ರಸಾದ್ ಕಾಯ್?" ಎಂದು, ದೇವರ ಪ್ರಸಾದವೇ ಎಂದು ಕೇಳಿ ಭಕ್ತಿಯಿಂದ ತಲೆ ಬಾಗಿಸಿದರು.

ಭಾನುವಾರ ಬೆಳಿಗ್ಗೆ ನೋಡಿದರೆ, ಹೊರಬಂದ ನೊಣಗಳೆಲ್ಲ ನನ್ನತ್ತ ಕೆಂಗಣ್ಣು ಬಿಡುತ್ತಿವೆ! ಒಡನೆ ಹೆಂಡತಿ ಶಾರದೆಯ ಮೇಲೆ ಹರಿಹಾಯ್ದೆ.

"ಒಲೆ ಹತ್ರ ಇಟ್ಟಿದ್ಯಾ?"

"ಮಡಕೆ ಪಕ್ಕದಿಂದ ಅಲ್ಲಾಡ್ಸಿಲ್ಲ ರೀ. ಒದ್ದೆ ಬಟ್ಟೆ ಬೇರೆ ಸುತ್ತಿದ್ದೆ. ಎಷ್ಟು ಬಿಸಿ ತಾಗಿದ್ರೆ ಹೀಗಾಗತ್ತೆ?"

"ಮೂವತ್ತೇಳು ಡಿಗ್ರಿ!"

"ಜ್ವರ ನೋಡೋ ಲೆಕ್ಕದಲ್ಲಿ ಹೇಳಿ, ನಂಗೆ ತಿಳಿಯತ್ತೆ."

ಮನಸ್ಸಿನಲ್ಲೇ ಗುಣಿಸಿದೆ. "ತೊಂಬತ್ತೆಂಟೂವರೆ..." ಎನ್ನುವಷ್ಟರಲ್ಲಿ ನನ್ನ ದನಿ ತಾನಾಗಿ ಇಳಿಯಿತು.

"ಅದು ಜ್ವರ ಇಲ್ದಿರೋ ಮನುಷ್ಯನ ಮೈ ಬಿಸಿ ಅಲ್ವೇನ್ರೀ? ಲೋಕಲ್‌ನಲ್ಲಿ ಎಲ್ಲಿಟ್ಕೊಂಡಿದ್ರಿ?"

ಸೋಮವಾರ ಮೇಡಂಗೆ ನಿಜ ಹೇಳಿದೆ. ಅವರು ಹೊಟ್ಟೆ ಹುಣ್ಣಾಗುವಂತೆ ನಕ್ಕು, ಬಂದವರಿಗೆ ಅದನ್ನೇ ತೋರಿಸಿದರು: ಒಂದು ಬಾಟಲಿ ಯಂತ್ರದ ಬಿಸಿಗೆ ಕೆಂಪಾದದ್ದು, ಇನ್ನೊಂದು ನನ್ನ ಬಿಸಿಗೆ. ಕೆಲಸವೇನೋ ಕಾಯಂ ಆಯಿತು. ಮನೆಯಲ್ಲಿ ಮಾತ್ರ, ಈಗಲೂ ನನ್ನ ಕಣ್ಣು ಕೆಂಪಾದರೆ ಶಾರದೆ ಮಡಕೆಯಿಂದ ಒಂದು ಲೋಟ ನೀರು ತಂದಿಡುತ್ತಾಳೆ. ಒಮ್ಮೆ ಕೆಂಪಾದ ನೊಣದ ಕಣ್ಣು ಮತ್ತೆ ಬಿಳಿಯಾಗುವುದಿಲ್ಲ. ನನ್ನದು ಎರಡು ಗುಟುಕಿಗೇ ಆಗುತ್ತದೆ.