ಚೀಟಿ ಅಂಟಿಸಿದ ತೋಟ

ಗುಮಾಸ್ತನ ಬಾಯಿ ಅವನ ಬುದ್ಧಿಗಿಂತ ಒಂದು ಮಾರು ಮುಂದೆ ಓಡುವ ಬಾಯಿ. ಶನಿವಾರ ಸಂಜೆ ಅದು ತೆಪ್ಪಗಿದ್ದಿದ್ದರೆ ಅವನ ಭಾನುವಾರ ನೆಮ್ಮದಿಯಾಗಿ ಕಳೆದುಹೋಗುತ್ತಿತ್ತು. ಆದರೆ ಕಂಪನಿಯ ಮೆಟ್ಟಿಲ ಮೇಲೆ ಮ್ಯಾನೇಜರ್ ಸಾಹೇಬರು ಎದುರಾಗಿ, "ಏನ್ರೀ, ತೋಟದ ಸೂಪರ್‌ವೈಸರ್ ಕೆಲಸ ಕೇಳಿದ್ದೀರಂತೆ? ಗಿಡಮರ ಬೆಳೆಸಿ ಗೊತ್ತಾ?" ಎಂದದ್ದೇ ತಡ, ಬಾಯಿ ಓಡಿತು.

"ಏನ್ ಸಾರ್ ಹೀಗ್ ಕೇಳ್ತೀರಿ! ನಮ್ಮನೆ ಹಿತ್ತಲಲ್ಲಿ ದೊಡ್ಡ ಹೋಮ್ ಗಾರ್ಡನ್ನೇ ಇದೆ."

"ಭೇಷ್! ಹಾಗಾದ್ರೆ ನಾಳೆ ಸಂಜೆ ಬಂದು ನೋಡ್ತೀನಿ" ಎಂದು ಸಾಹೇಬರು ಕಾರು ಹತ್ತಿದರು.

ಹಿತ್ತಲಲ್ಲಿ ಇದ್ದದ್ದು ಬಟ್ಟೆ ಒಗೆಯುವ ಕಲ್ಲು, ಚಕ್ರ ಮುರಿದ ಸೈಕಲ್ಲು, ಒಂದಿಷ್ಟು ಹುಲ್ಲು. ಗುಮಾಸ್ತನಿಗೆ ಗಿಡ ಕಂಡರೆ ಅಷ್ಟಕ್ಕಷ್ಟೆ. ಎಲೆ ಉದುರುತ್ತದೆ, ಇರುವೆ ಬರುತ್ತದೆ ಎಂದು ಗೊಣಗುವ ಜಾತಿ. ಅವನಿಗೆ ಬೇಕಾಗಿದ್ದದ್ದು ತೋಟವಲ್ಲ, ಬಿಸಿಲು. ಮದುವೆಗೆ ಮೊದಲಿಂದ ಕಂಪನಿಯ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಹಳೇ ಫೈಲುಗಳ ಧೂಳು ಕುಡಿದು ಕೆಮ್ಮಿ ಕೆಮ್ಮಿ ಸಾಕಾಗಿತ್ತು ಪಾಪ. ಹಗಲು ಹೇಗಿರುತ್ತದೆಂದು ರಜೆಯ ದಿನ ಮಾತ್ರ ಗೊತ್ತಾಗುತ್ತಿತ್ತು. ತೋಟದ ಸೂಪರ್‌ವೈಸರ್ ಆದರೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಗಾಳಿ ಕುಡಿಯಬಹುದು. ಈ ಕೆಲಸ ತಪ್ಪಿದರೆ ನಿವೃತ್ತಿಯವರೆಗೂ ಆ ಗವಿಯೇ ಗತಿ.

ಭಾನುವಾರ ಬೆಳಗ್ಗೆ ಹೆಂಡತಿಗೆ ವಿಷಯ ಗೊತ್ತಾಗಿ ತಲೆ ಚಚ್ಚಿಕೊಂಡಳು. "ಅಲ್ಲಾರೀ, ಇರೋದನ್ನೇ ಹೇಳೋಕೆ ನಿಮಗೇನು ರೋಗ?"

"ಗಾಬರಿ ಬೇಡ ಕಣೇ. ಸಂಜೆ ಒಳಗೆ ತೋಟ ಎಬ್ಬಿಸ್ತೀನಿ" ಎಂದ ಗುಮಾಸ್ತ. ಧೈರ್ಯಕ್ಕೇನೂ ಅವನಲ್ಲಿ ಬರವಿರಲಿಲ್ಲ.

ಎದುರುಮನೆ ನರ್ಸಮ್ಮನ ಕಿವಿಗೆ ಬಿದ್ದ ಸುದ್ದಿ ಬೀದಿಗೆ ಬಿದ್ದ ಹಾಗೆ. ಆಕೆ ತನ್ನ ಮಹಡಿ ಮೇಲಿನ ಕುಂಡಗಳನ್ನೆಲ್ಲ ಒಂದೊಂದಾಗಿ ಹೊತ್ತು ತಂದು ಹಿತ್ತಲಲ್ಲಿಟ್ಟಳು. ಗುಲಾಬಿ, ಬದನೆ, ಟೊಮೇಟೊ, ಇನ್ನೂ ಏನೇನೋ. "ಕತ್ತಲಾಗೋ ಮುಂಚೆ ವಾಪಸ್ ಕೊಡ್ಬೇಕು ಅಣ್ಣ. ಒಂದು ಎಲೆ ಮುರಿದ್ರೂ ನಾನ್ ಸುಮ್ನಿರಲ್ಲ" ಎಂದಳು.

"ಸಾಹೇಬರು ಕೇಳಿದ್ರೆ ಎಲ್ಲಾ ನನ್ನವೇ ಅನ್ನು ತಾಯಿ" ಎಂದು ಗುಮಾಸ್ತ ಕೈ ಮುಗಿದ.

"ಆಯ್ತಪ್ಪ, ಕತ್ತು ಕುಯ್ದ್ರೂ ಬಾಯಿ ಬಿಡಲ್ಲ."

ಆಗ ಕಾಂಪೌಂಡಿನ ಮೇಲಿಂದ ಪಕ್ಕದ ಮನೆ ರಿಟೈರ್ಡ್ ಮೇಷ್ಟ್ರ ತಲೆ ಕಾಣಿಸಿತು. "ಗಿಡ ಸಾಲದು ಕಣಯ್ಯ. ಇಂಗ್ಲಿಷು ಬೇಕು. ನಿಮ್ಮ ಮ್ಯಾನೇಜರು ಮಾತಾಡೋದೆಲ್ಲ ಕನ್ನಡ, ಆದರೆ ತೋಟದ ಕೆಲಸ, ಸಾಮಾನಿನ ಹೆಸರು ಮಾತ್ರ ಇಂಗ್ಲಿಷಲ್ಲೇ ಆಗಬೇಕು. ಮೊನ್ನೆ ಒಬ್ಬ ಮಾಲಿ ಗುದ್ದಲಿ ಅಂದಿದ್ದಕ್ಕೆ ಮುಖ ಸಿಂಡರಿಸಿದ್ರಂತೆ."

ಗುಮಾಸ್ತನಿಗೆ ತೋಟದ ಇಂಗ್ಲಿಷಿನಲ್ಲಿ ಗೊತ್ತಿದ್ದದ್ದು ಗಾರ್ಡನ್, ಫ್ಲವರ್, ವಾಟರ್. ಅಲ್ಲಿಗೆ ಬಂಡವಾಳ ಮುಗಿಯಿತು.

ಮೇಷ್ಟ್ರು ಹಾರಿ ಬಂದರು ಎನ್ನುವ ಹಾಗೆ ಬಂದರು. ಎಷ್ಟೋ ವರ್ಷದ ಮೇಲೆ ಒಬ್ಬ ಶಿಷ್ಯ ಸಿಕ್ಕಿದ್ದ. ಕಾಗದ ಹರಿದು, ಒಂದೊಂದು ಚೀಟಿಯ ಮೇಲೆ ಒಂದೊಂದು ಹೆಸರು ಬರೆದು, ಅಂಟು ಮೆತ್ತಿ, ಹಿತ್ತಲಲ್ಲಿ ಕಂಡದ್ದಕ್ಕೆಲ್ಲ ಅಂಟಿಸಿದರು. ಕಳೆಗೆ ವೀಡ್. ಎಳೆ ಸಸಿಗೆ ಸೀಡ್‌ಲಿಂಗ್. ತಮ್ಮ ಮನೆಯಿಂದ ತಂದು ಸುರಿದ, ಅಡಿಗೆಮನೆಯ ಕಸ ಕೊಳೆಸಿ ಮಾಡಿದ ಗೊಬ್ಬರಕ್ಕೆ ಕಾಂಪೋಸ್ಟ್. ಬುಡಕ್ಕೆ ಹರಡಿದ ತರಗೆಲೆಗೆ ಮಲ್ಚ್. ಮಣ್ಣು ತೋಡುವ ಕೈಕರಣಿ ಇಲ್ಲವೆಂದು ಅಡಿಗೆಮನೆಯ ಸೌಟಿಗೇ ಟ್ರೊವೆಲ್ ಎಂದು ಅಂಟಿಸಿದರು. ಹೆಂಡತಿ ಸಾರು ಬಡಿಸಲು ಸೌಟು ಹುಡುಕಿ ಹುಡುಕಿ, ಕೊನೆಗೆ ಗೊಬ್ಬರದ ರಾಶಿಯಲ್ಲಿ ಅದನ್ನು ನೋಡಿ, ಗಂಡನಿಗೆ ಮಧ್ಯಾಹ್ನ ಬರೀ ಅನ್ನ ಬಡಿಸಿದಳು.

"ಇದೇನು?" ಎಂದು ಮೇಷ್ಟ್ರು ತಮ್ಮ ಮನೆಯಿಂದ ತಂದ, ಕಸ ಗೋರುವ ಹಲ್ಲಿನ ಕೋಲು ತೋರಿಸುವರು.

"ರೇಕ್!"

"ಕೊಂಬೆ ಸವರೋದಕ್ಕೆ?"

"ಪ್ರೂನಿಂಗ್!"

"ಕಿತ್ತು ಬೇರೆ ಕಡೆ ನೆಡೋದಕ್ಕೆ?"

"ಟ್ರಾನ್ಸ್‌ಪ್ಲಾಂಟಿಂಗ್! ಮೇಷ್ಟ್ರೇ, ನನಗೆ ನಿದ್ದೇಲಿ ಕೇಳಿದ್ರೂ ಹೇಳ್ತೀನಿ."

ಹಿತ್ತಲ ಮೂಲೆ ಇನ್ನೂ ಬೋಳಾಗಿ ಕಾಣುತ್ತಿತ್ತು. ಮೇಷ್ಟ್ರು ತಮ್ಮ ಬೇಲಿಯಿಂದ ನಾಲ್ಕಾರು ಕೊಂಬೆ ಮುರಿದು ತಂದು ಹಾಗೇ ಮಣ್ಣಿಗೆ ಚುಚ್ಚಿದರು. ಬೇರಿಲ್ಲದಿದ್ದರೇನು, ಸಂಜೆಯವರೆಗೆ ಹಸಿರಾಗಿದ್ದರೆ ಸಾಕಲ್ಲ. ಹಳೇ ಅಂಗಿಯೊಂದನ್ನು ಕೋಲಿಗೆ ತೊಡಿಸಿ ಬೆದರುಬೊಂಬೆ ನಿಲ್ಲಿಸಿ, ಅದರ ಎದೆಗೆ ಸ್ಕೇರ್‌ಕ್ರೋ ಎಂದು ಅಂಟಿಸಿದರು. ಗುಮಾಸ್ತನ ಅತ್ತೆ ಇದನ್ನೆಲ್ಲ ನೋಡುತ್ತಾ, "ಹುಚ್ಚು ಹಿಡಿದೈತೆ ಎಲ್ಲಾರಿಗೂ" ಎಂದು ಅಲ್ಲೇ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ತೂಕಡಿಸತೊಡಗಿದರು.

ಸಂಜೆ ಹೊತ್ತಿಗೆ ಗಾಳಿ ಎದ್ದಿತು. ಮೇಷ್ಟ್ರ ಅಂಟು ಅವರಷ್ಟೇ ಹಳೆಯದು. ಚೀಟಿಗಳೆಲ್ಲ ಕಿತ್ತು ಹಿತ್ತಲ ತುಂಬ ಹಾರಿದವು. ಉಪಕಾರಿ ನರ್ಸಮ್ಮ ಓಡಿ ಬಂದು ಕಂಡವನ್ನೆಲ್ಲ ಆಯ್ದು, ಔಷಧಿ ಬಾಟಲಿಗೆ ಅಂಟಿಸುವ ಚುರುಕಿನಲ್ಲಿ ಕೈಗೆ ಸಿಕ್ಕ ಕಡೆ ಅಂಟಿಸಿಬಿಟ್ಟಳು. ಆಕೆಯ ಕೈಗೆ ಸಿಗದ ಒಂದು ಮಾತ್ರ ಯಾರೂ ಅಂಟಿಸದೆ ತಾನಾಗಿಯೇ ಹೋಗಿ ನಿದ್ದೆ ಮಾಡುತ್ತಿದ್ದ ಅತ್ತೆಯ ಬೆನ್ನಿಗೆ ಕೂತಿತು.

ಅಷ್ಟರಲ್ಲಿ ಬಾಗಿಲಲ್ಲಿ ಕಾರಿನ ಸದ್ದು.

ಸಾಹೇಬರು ಹಿತ್ತಲಿಗೆ ಕಾಲಿಟ್ಟು ಸುತ್ತ ನೋಡಿದರು. ಗುಮಾಸ್ತ ಎದೆಯುಬ್ಬಿಸಿ ನಿಂತ. ಬದನೆ ಗಿಡದ ಮೇಲೆ ಕಾಂಪೋಸ್ಟ್ ಎಂದಿತ್ತು. ಗೊಬ್ಬರದ ರಾಶಿಯ ಮೇಲೆ ಸೀಡ್‌ಲಿಂಗ್. ಒಂದು ಕ್ಷಣ ಅವನ ಜೀವ ಬಾಯಿಗೆ ಬಂತು. ಆದರೂ ಬಾಯಿ ಅದನ್ನು ದಾಟಿಕೊಂಡು ಮುಂದೆ ಓಡಿತು.

"ಸಾರ್, ಚೀಟಿ ಬೇಕಂತಲೇ ಅದಲು ಬದಲು ಮಾಡಿದ್ದೀನಿ. ಓದಿ ಹೇಳೋನು ತೋಟಗಾರನೇ ಅಲ್ಲ. ಇದು ಕಾಂಪೋಸ್ಟ್, ಇದು ಮಲ್ಚ್, ಇದು ವೀಡ್, ಇದು ಟ್ರೊವೆಲ್!"

"ಸೌಟಿನ ಥರ ಇದೆಯಲ್ಲ?"

"ಹೊಸ ಮಾಡಲ್ಲು ಸಾರ್."

ಸಾಹೇಬರು ತಲೆದೂಗಿ ಮುಂದೆ ನಡೆದು, ಕುರ್ಚಿಯ ಹತ್ತಿರ ಬಗ್ಗಿ, ಅತ್ತೆಯ ಬೆನ್ನ ಮೇಲಿದ್ದ ಚೀಟಿಯನ್ನು ಗಟ್ಟಿಯಾಗಿ ಓದಿದರು. "ಸ್ಕೇರ್‌ಕ್ರೋ!"

ಅತ್ತೆ ಧಡಕ್ಕನೆ ಎದ್ದರು. ಸಾಹೇಬರು ಬೆಚ್ಚಿ ಹಿಂದಕ್ಕೆ ಹಾರಿದರು. "ಏನು ಬರೆದೈತೆ ನನ್ನ ಬೆನ್ನ ಮೇಲೆ? ಯಾರು ಬರೆದದ್ದು?"

"ತೋಟ ಕಾಯೋ ತಾಯಿ ಅಂತ ಅಮ್ಮಾ" ಎಂದರು ಮೇಷ್ಟ್ರು, ಒಂದಿಷ್ಟೂ ತಡವರಿಸದೆ.

"ಹೌದಾ? ಅಳಿಯಂದಿರಿಗೆ ಈಗಲಾದ್ರೂ ಗೊತ್ತಾಯ್ತಲ್ಲ" ಎಂದು ಅತ್ತೆ ಬೀಗಿದರು. ಆಮೇಲೆ ಆ ಚೀಟಿ ಕೀಳಲು ಯಾರಿಗೂ ಬಿಡಲಿಲ್ಲ.

ಸಾಹೇಬರು ಗುಲಾಬಿಯ ಮುಂದೆ ಮಂಡಿಯೂರಿದರು. "ಎಂಥಾ ಹೂವು! ಇದನ್ನ ಬೆಳೆಸಿದ್ದು ಯಾರು?"

"ನಾ..." ಎಂದು ಬಾಯಿ ತೆರೆದ ನರ್ಸಮ್ಮ ನಾಲಿಗೆ ಕಚ್ಚಿಕೊಂಡು, "ನಾವು ದಿನಾ ನೋಡ್ತೀವಲ್ಲ ಸಾರ್, ಅಣ್ಣನೇ. ಮಕ್ಕಳಿಗಿಂತ ಹೆಚ್ಚಾಗಿ ಸಾಕಿದಾರೆ" ಎಂದಳು.

ಕೊನೆಗೆ ಮೂಲೆಗೆ ಬಂದರು. ಮಣ್ಣಿಗೆ ಚುಚ್ಚಿದ್ದ ಕೊಂಬೆಯೊಂದನ್ನು ಪ್ರೀತಿಯಿಂದ ಮುಟ್ಟಿದರು. ಅದು ಬೇರಿಲ್ಲದೆ ಸಲೀಸಾಗಿ ಅವರ ಕೈಗೇ ಬಂತು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಟ್ರಾನ್ಸ್‌ಪ್ಲಾಂಟಿಂಗ್ ಸಾರ್!" ಎಂದು ಗುಮಾಸ್ತ ಕೂಗಿದ. "ಬೇರೆ ಕಡೆ ನೆಡೋಕೆ ಸಿದ್ಧ ಮಾಡಿಟ್ಟಿದ್ದೆ. ನೀವೇ ಶುಭಾರಂಭ ಮಾಡಿದ್ರಿ."

ಸಾಹೇಬರು ಆ ಕೊಂಬೆಯನ್ನು ಎದೆಗೊತ್ತಿಕೊಂಡರು. ಆಮೇಲೆ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಗುಮಾಸ್ತನಿಗೆ ಹಿಗ್ಗು ತಡೆಯಲಾಗಲಿಲ್ಲ. ಗೆದ್ದೆ! ಗವಿಯಿಂದ ಹೊರಗೆ ಬಿದ್ದೆ! ಮೇಷ್ಟ್ರಿಗೆ ಕಣ್ಣು ಹೊಡೆದ.

"ನಿಮ್ಮಂಥೋರನ್ನ ನಾನು ನೋಡೇ ಇಲ್ಲ" ಎಂದರು ಸಾಹೇಬರು. "ಅದಕ್ಕೇ ಆ ಕೆಲಸ ನಿಮಗೆ ಕೊಡಲ್ಲ."

"ಸಾರ್?"

"ಯಾರಿಗೂ ಹೇಳಿರಲಿಲ್ಲ. ಕಂಪನಿ ತೋಟ ಇನ್ನಿರಲ್ಲ. ಎಲ್ಲಾ ಕಿತ್ತು, ಸಿಮೆಂಟ್ ಹಾಕಿ, ಕಾರು ನಿಲ್ಲಿಸೋ ಜಾಗ ಮಾಡಬೇಕು ಅಂತ ಮೇಲಿನೋರ ಹುಕುಂ. ಮುಂದೆ ನಿಂತು ಕೀಳಿಸೋದೇ ಸೂಪರ್‌ವೈಸರ್ ಕೆಲಸ. ಆಮೇಲೆ ಅಲ್ಲೇ ಕುರ್ಚಿ ಹಾಕ್ಕೊಂಡು ಕಾರು ನೋಡ್ಕೊಂಡಿರೋದು. ಗಿಡ ಕಂಡ್ರೆ ಆಗದ ಕಲ್ಲೆದೆಯವನು ಬೇಕಿತ್ತು. ಮನೆಗೆ ಬಂದು ನೋಡಿದ್ದೇ ಒಳ್ಳೇದಾಯ್ತು. ನಿಮಗೆ ಕೊಟ್ಟಿದ್ರೆ ಆ ಪಾಪ ನನ್ನ ಬಿಡ್ತಿರಲಿಲ್ಲ."

ಗುಮಾಸ್ತ ಓಡಿ ಹೋಗಿ ಸಾಹೇಬರ ಕೈ ಹಿಡಿದುಕೊಂಡ. "ಸಾರ್! ನನಗೆ ಗಿಡ ಕಂಡ್ರೆ ಆಗೋದೇ ಇಲ್ಲ! ಇರುವೆ ಬರುತ್ತೆ ಸಾರ್! ಇವೆಲ್ಲ ನನ್ನವಲ್ಲ, ನರ್ಸಮ್ಮನವು. ಹೇಳಮ್ಮಾ!"

"ನನ್ನವೆಲ್ಲಿ ಅಣ್ಣ, ನಿಮ್ಮವೇ" ಎಂದಳು ನರ್ಸಮ್ಮ. ಕೊಟ್ಟ ಮಾತಿಗೆ ತಪ್ಪುವ ಹೆಂಗಸಲ್ಲ ಆಕೆ.

ಸಾಹೇಬರು ಗುಮಾಸ್ತನ ಹೆಗಲು ತಬ್ಬಿದರು. "ನನ್ನ ಸಂಕಟ ಕಡಿಮೆ ಮಾಡೋಕೆ ಸುಳ್ಳು ಬೇರೆ ಹೇಳ್ತೀರಾ? ಎಂಥ ದೊಡ್ಡ ಮನಸ್ಸಪ್ಪಾ! ನೀವು ನಿಮ್ಮ ನೆಲಮಾಳಿಗೇಲೇ ತಣ್ಣಗಿರಿ. ನಿಮ್ಮ ತಂಟೆಗೆ ಯಾರೂ ಬರದ ಹಾಗೆ ನಾನು ನೋಡ್ಕೋತೀನಿ. ಕಂಪನಿ ಗಿಡಗಳು ಎಲ್ಲಿ ಹೋಗಿ ಸಾಯ್ತವೋ ಅಂತ ಊಟ ಸೇರ್ತಿರಲಿಲ್ಲ. ಈಗ ಆ ಚಿಂತೆಯೂ ಹೋಯ್ತು."

ಯಾವ ಚಿಂತೆ, ಹೇಗೆ ಹೋಯಿತು ಎಂದು ಗುಮಾಸ್ತ ಕೇಳುವ ಮೊದಲೇ ಅವರು ಫೋನ್ ಕಿವಿಗಿಟ್ಟುಕೊಂಡು ಯಾರಿಗೋ ಈ ಮನೆಯ ವಿಳಾಸ ಹೇಳುತ್ತಾ ಹೊರಟುಹೋದರು.

ನರ್ಸಮ್ಮ ಕೊನೆಯ ಕುಂಡ ಹೊತ್ತುಕೊಂಡು ರಸ್ತೆ ದಾಟುವ ಹೊತ್ತಿಗೆ ಬೀದಿ ತುಂಬುವಷ್ಟು ದೊಡ್ಡ ಲಾರಿಯೊಂದು ಮನೆ ಮುಂದೆ ಬಂದು ನಿಂತಿತು. ಮೇಲೆ ಕಂಪನಿ ತೋಟದ ಕುಂಡಗಳ ಹಸಿರು ರಾಶಿ. ಡ್ರೈವರ್ ತಲೆ ಹೊರಗೆ ಹಾಕಿ ಕೂಗಿದ.

"ಯಜಮಾನ್ರೇ, ಇದು ಮೊದಲನೇ ಲೋಡು. ಎಲ್ಲಿ ಇಳಿಸ್ಲಿ?"